ಗೂಡಿನೊಳಗಿನ ಹುಡುಗಿ

ಚಟ್ಟದ ಬಿದಿರಿಗೆ ಕೊನೆಯ ಗಂಟು ಬಿಗಿಯುತ್ತಿದ್ದ ಧರ್ಮಪ್ಪನ ಕೈಯನ್ನು ಅಂಜಮ್ಮ ಹಿಡಿದು ನಿಲ್ಲಿಸಿದಳು.

"ಎತ್ತಬ್ಯಾಡಪ್ಪ. ಇನ್ನೊಂದು ಕೆಲಸ ಐತೆ."

ಧರ್ಮಪ್ಪ ತಲೆಯೆತ್ತಿ ಅತ್ತಿಗೆಯನ್ನು ನೋಡಿದ. ಆಮೇಲೆ ಚಾಪೆಯ ಮೇಲೆ ಮಲಗಿದ್ದ ಅಣ್ಣನನ್ನು ನೋಡಿದ. ಓಬಣ್ಣನಿಗೆ ನೀರೆರೆದು, ಹೊಸ ಪಂಚೆ ಉಡಿಸಿ, ಕೊರಳಿಗೆ ಚೆಂಡುಹೂವಿನ ಹಾರ ಹಾಕಿ ಆಗಿತ್ತು. ತಲೆಯ ಬಳಿ ಹಣತೆ ಉರಿಯುತ್ತಿತ್ತು. ಹಣತೆಯ ಪಕ್ಕದಲ್ಲಿ ಶಾಲೆಯ ಹಿತ್ತಾಳೆ ಗಂಟೆ ಇತ್ತು. ಊಟದ ತಟ್ಟೆಯಷ್ಟು ಅಗಲ, ಜೊತೆಗೊಂದು ಮರದ ಕೊಡತಿ. ಪ್ರತಿ ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಓಬಣ್ಣ ಅದನ್ನು ಕೊಕ್ಕೆಯಿಂದ ಬಿಚ್ಚಿಕೊಂಡು ಬರುತ್ತಿದ್ದ, ಸೋಮವಾರ ಬೆಳಿಗ್ಗೆ ಒಯ್ದು ತೂಗುಹಾಕುತ್ತಿದ್ದ. ನಿನ್ನೆ ಜ್ವರದಲ್ಲಿ ಏಳಲಾರದೆ ಮಗಳನ್ನು ಕಳಿಸಿ ತರಿಸಿ, ಕಣ್ಣಿಗೆ ಕಾಣುವಂತೆ ಇಡಿಸಿಕೊಂಡಿದ್ದ. ಇವತ್ತು ಭಾನುವಾರ.

"ಇನ್ನೇನು ಉಳೀತು ಅತ್ಗೆಮ್ಮ? ಹೊತ್ತು ವಾಲ್ತಾ ಐತೆ. ಗುಣಿ ತೆಗೆದೋರು ಬಂದು ಕುಂತಾರೆ."

"ಕತೆ ಉಳೀತು."

ಅಳುತ್ತಿದ್ದ ಹೆಂಗಸರು ತಿರುಗಿ ನೋಡಿದರು. ಅಂಜಮ್ಮನ ಕಣ್ಣುಗಳು ಒಣಗಿದ್ದವು.

"ರಾತ್ರಿ ನಿಮ್ಮಣ್ಣ ಕೇಳ್ದ, ಆ ಹುಡುಗಿ ಗವಿಯಿಂದ ಹೊರಾಕೆ ಬಂದ್ಲೇನೆ ಅಂತ. ಜ್ವರದ ಮಾತು ಅನ್ಕಂಡು, ನಾಳೆ ಕೇಳಿಸ್ತೀನಿ ಸುಮ್ಕೆ ಮಲಕ್ಕ ಅಂದೆ. ಮಲಕ್ಕಂಡ. ಬೆಳಿಗ್ಗೆ ಏಳಲಿಲ್ಲ. ಮಾತು ಕೊಟ್ಟೋಳು ನಾನು. ಮಣ್ಣು ಹಾಕೋದ್ರೊಳಗೆ ಕೇಳಿಸ್ಬೇಕು."

"ಬಿಡೆ ಅಂಜಿ," ಎಂದಳು ಮೂಲೆಯಲ್ಲಿದ್ದ ಮುದುಕಿ ಭೀಮಕ್ಕ, ಮೂಗು ಒರೆಸಿಕೊಳ್ಳುತ್ತ. "ಅವನು ಯಮನಿಗೂ ಅರ್ಧ ಕತೆ ಹೇಳಿ ನಿಲ್ಸಿರ್ತಾನೆ. ಮುಂದಿಂದು ಕೇಳ್ಕಂಡು ಬಾ ಅಂತ ಯಮನೇ ವಾಪಸ್ ಅಟ್ತಾನೆ."

ಒಬ್ಬಿಬ್ಬರು ಅಳುವಿನ ನಡುವೆಯೇ ನಕ್ಕರು. ಧರ್ಮಪ್ಪ ನಗಲಿಲ್ಲ.

"ಆ ಕತೆ ಇರೋ ಪುಸ್ತಕ ಎಲ್ಲೈತೆ ಗೊತ್ತಾ ನಿಮಗೆ? ಮರುಳಪ್ಪನ ಮನೆ ದೇವರ ಗೂಡಿನಾಗೆ. ನಮ್ಮ ನೆರಳು ಅವರ ಕಟ್ಟೆಗೆ ಬಿದ್ರೆ ನೀರು ಚಿಮುಕಿಸ್ತಾರೆ. ಅಣ್ಣನ ಹೆಣ ಇಟ್ಕಂಡು ಆ ಬಾಗಿಲಿಗೆ ಹೋಗಿ ಕೈ ಚಾಚಾಕೆ ನನ್ನಿಂದ ಆಗಲ್ಲ."

"ನೀನು ಹೋಗಬ್ಯಾಡ ಚಿಕ್ಕಪ್ಪ," ಎಂದಳು ಓಬಣ್ಣನ ಮಗಳು ಹನುಮಂತಮ್ಮ. ಹತ್ತೊಂಬತ್ತರ ಹುಡುಗಿ, ದಾವಣಗೆರೆಯಲ್ಲಿ ಶಿಕ್ಷಕರ ತರಬೇತಿ, ಟಿಸಿಎಚ್ ಓದುತ್ತಿದ್ದವಳು. ಬಗ್ಗಿ ಅಪ್ಪನ ಪಕ್ಕದ ಗಂಟೆಯನ್ನು ಎತ್ತಿಕೊಂಡಳು. "ನಾನು ಹೋಗ್ತೀನಿ."

*

ಓಬಣ್ಣನ ತಂದೆ, ಅಜ್ಜ, ಮುತ್ತಜ್ಜ ಎಲ್ಲರೂ ಕರೇಗುಡ್ಡದ ತಮಟೆಯವರು. ಊರಲ್ಲಿ ಯಾರು ಸತ್ತರೂ ಸುದ್ದಿ ಹೊತ್ತು ಸುತ್ತಲ ಹಳ್ಳಿಗಳಿಗೆ ನಡೆಯಬೇಕಾದವರು. ಎಪ್ಪತ್ತನಾಲ್ಕನೇ ಇಸವಿಯಲ್ಲಿ ಧರ್ಮಪ್ಪ ಜಗಳೂರಿನ ಸಭೆಯೊಂದಕ್ಕೆ ಹೋಗಿ ಬಂದವನು ಗೋಡೆಗೆ ಬುದ್ಧನ ಪಟ ತೂಗುಹಾಕಿ, ಮನೆಯ ತಮಟೆಯನ್ನು ಒಲೆಗೆ ಹಾಕಿದ. ಓಬಣ್ಣ ಅಡ್ಡ ಬರಲಿಲ್ಲ. ಚರ್ಮ ಸುಟ್ಟ ವಾಸನೆ ಹೋಗುವವರೆಗೆ ಹೊರಗೆ ಕಟ್ಟೆಯ ಮೇಲೆ ಕೂತಿದ್ದು, ಆಮೇಲೆ ಒಳಗೆ ಬಂದು ಅಂದನಂತೆ: "ಸುಟ್ಟಿದ್ದು ಸರಿ. ಆದ್ರೆ ಧರ್ಮ, ಗಂಟಲು ಐತಲ್ಲ, ಇದನ್ನೇನು ಮಾಡ್ಲಿ?"

ಆ ಗಂಟಲಿಗೆ ಕೆಲಸ ಕೊಟ್ಟವರು ಬೆನಕಪ್ಪ ಮೇಷ್ಟ್ರು. ಸಂತೇಬೆನ್ನೂರಿನ ಕಡೆಯವರು. ಕರೇಗುಡ್ಡದ ಶಾಲೆಗೆ ಅವರೊಬ್ಬರೇ ಮೇಷ್ಟ್ರು, ಇದ್ದದ್ದು ಒಂದೇ ಕೋಣೆ. ಎರಡನೆಯ ಕೋಣೆಯ ಗೋಡೆ ಎದ್ದು ನಾಲ್ಕು ವರ್ಷವಾಗಿದ್ದರೂ ಮೇಲೆ ಹೆಂಚಿರಲಿಲ್ಲ. ಮಕ್ಕಳನ್ನು ಕುರಿ ಹಿಂದೆ ಕಳಿಸುವ ಊರಿನಲ್ಲಿ ಶಾಲೆಯೊಂದು ಇದೆ ಎಂಬುದನ್ನೇ ಜನಕ್ಕೆ ಆಗಾಗ ನೆನಪಿಸಬೇಕಿತ್ತು.

"ಸತ್ತ ಸುದ್ದಿ ಸಾಕು ಮಾಡಿದ್ದೀಯಂತೆ ಓಬಣ್ಣ," ಎಂದರು ಮೇಷ್ಟ್ರು. "ಬದುಕಿರೋರ ಸುದ್ದಿ ಸಾರ್ತೀಯಾ?"

ಶನಿವಾರದ ಶಾಲೆ ಸುದ್ದಿ ಶುರುವಾದದ್ದು ಹಾಗೆ. ಓಬಣ್ಣ ಶಾಲೆಯ ಗಂಟೆ ಹೊಡೆಯುತ್ತ ಕೇರಿಯಿಂದ ಹೊರಟು ಊರಬಾಗಿಲ ಅಗಸೆಯವರೆಗೆ ಹೋಗುತ್ತಿದ್ದ.

"ಕೇಳ್ರಪ್ಪೋ ಕೇಳ್ರಿ! ಮೂರನೇ ಕ್ಲಾಸಿನ ಕಸ್ತೂರಮ್ಮ ಹದಿನೇಳರ ಮಗ್ಗಿ ತಪ್ಪಿಲ್ದಂಗೆ ಒಪ್ಪಿಸಿದ್ಲು. ಉಪ್ಪಿಟ್ಟಿನ ರವೆ ಬಂದೈತೆ, ಸೋಮವಾರದಿಂದ ತಟ್ಟೆ ಕೊಟ್ಟು ಕಳಿಸ್ರಿ. ಪಟೇಲರ ಮೊಮ್ಮಗ ನಾಲ್ಕು ದಿನದಿಂದ ಸಾಲಿಗೆ ಬಂದಿಲ್ಲ, ಹೊಟ್ಟೆನೋವು ಅಂತೆ. ಹೊಟ್ಟೆನೋವು ಬೇಲಿ ಹಾರಿ ಸೀತಾಫಲ ಕೀಳ್ತಿದ್ದದ್ದನ್ನ ನಾನೇ ಕಂಡೀನಿ."

ಪಟೇಲರು ಕೂಡ ನಕ್ಕರು. ಮೊಮ್ಮಗ ಮಾರನೆಯ ವಾರ ಶಾಲೆಯಲ್ಲಿದ್ದ. ತಮ್ಮ ಮಗುವಿನ ಹೆಸರು ಬೀದಿಯಲ್ಲಿ ಕೇಳಿಬರಲೆಂದು ತಾಯಂದಿರು ರಾತ್ರಿ ಮಗ್ಗಿ ಬಾಯಿಪಾಠ ಮಾಡಿಸತೊಡಗಿದರು, ತಮಗೇ ಮಗ್ಗಿ ಬರದಿದ್ದರೂ.

ಎಪ್ಪತ್ತಾರನೇ ಇಸವಿಯ ಮಾಘದಲ್ಲಿ ಮೇಷ್ಟ್ರು ಹೊಸದೊಂದು ಸುದ್ದಿ ತಂದರು. ಪಟ್ಟಣದ ವ್ಯಾಪಾರಿಯೊಬ್ಬರು ಶಾಲೆಯ ಅಂಗಳದಲ್ಲಿ ಮಾರಲು ಮಕ್ಕಳ ಪುಸ್ತಕ ಕೊಡುತ್ತಾರೆ, ಲಾಭದಲ್ಲಿ ಒಂದು ಪಾಲು ಎರಡನೇ ಕೋಣೆಯ ಹೆಂಚಿಗೆ. ಪುಸ್ತಕದ ಮೇಳ. ಆದರೆ ಓದಲು ಬಾರದ ಊರಿಗೆ ಪುಸ್ತಕ ಮಾರುವುದು ಹೇಗೆ?

"ಒಂದೊಂದು ಪುಸ್ತಕಾನೂ ಒಂಚೂರು ಓದಿ ಹೇಳ್ರಿ," ಎಂದ ಓಬಣ್ಣ. "ನಾನು ಬೀದಿಯಾಗೆ ಹೇಳ್ತೀನಿ."

ಪುಸ್ತಕದ ಕಟ್ಟು ಬಿಳಿಚೋಡಿನ ಬಸ್ಸಿನಲ್ಲಿ ಶುಕ್ರವಾರ ಸಂಜೆ ಬಂತು. ಮೇಷ್ಟ್ರು ಶಾಲೆಯ ಜಗಲಿಯಲ್ಲಿ ಕೂತು ಓದುತ್ತ ಹೋದರು. ಅರ್ಧಕ್ಕೆ ಬಂದಾಗ ಓಬಣ್ಣ ಪ್ರತಿಸಲವೂ ಕೈ ಎತ್ತುತ್ತಿದ್ದ.

"ಸಾಕು, ನಿಲ್ಸ್ರಿ."

"ಮುಂದಿಂದು ಬೇಡವೇನಯ್ಯ?"

"ಬ್ಯಾಡ ಮೇಷ್ಟ್ರೆ. ಕೊನೆ ಗೊತ್ತಿದ್ದೋನು ನಡುವೆ ನಿಲ್ಸಿದ್ರೆ ಅದು ನಾಟಕ. ಮಂದಿಗೆ ಗೊತ್ತಾಗಿಬಿಡ್ತೈತೆ. ನಂಗೂ ಗೊತ್ತಿಲ್ಲ ಅಂದ್ರೆ ಅವರೂ ನಂಜೊತೆ ನಿಲ್ತಾರೆ."

ಮೇಷ್ಟ್ರು ಪುಸ್ತಕ ಮುಚ್ಚಿದರಂತೆ. ಅಕ್ಷರ ಬಾರದ ಆ ಮನುಷ್ಯ ಹೇಳಿದ ಮಾತನ್ನು ತಾವು ಯಾವ ಪುಸ್ತಕದಲ್ಲಿಯೂ ಓದಿರಲಿಲ್ಲವೆಂದು ಆಮೇಲೆ ಎಷ್ಟೋ ಜನರಿಗೆ ಹೇಳಿದರು. ತಾವೂ ಆ ರಾತ್ರಿ ಯಾವುದನ್ನೂ ಅರ್ಧ ದಾಟಿ ಓದಲಿಲ್ಲ. ಅವನ ಜೊತೆ ನಿಂತರು.

ಶನಿವಾರ ಓಬಣ್ಣ ಬೀದಿಗೊಂದು ಕತೆ ಹೇಳಿದ. ಮರುಳಪ್ಪನ ಬೀದಿಯ ಪಾಲಿಗೆ ಬಂದದ್ದು ಕುರಿ ಕಾಯುವ ಹುಡುಗಿಯ ಕತೆ.

"ಒಂದು ತುಂಬಿದ ಗಬ್ಬದ ಕುರಿ ಗುಡ್ಡದ ಗವಿಯೊಳಗೆ ಹೋಗಿಬಿಡ್ತು. ಹುಡುಗಿ ದೀಪ ಹಿಡ್ಕಂಡು ಹಿಂದೇ ಹೋದ್ಲು. ಹೋದ್ಲು, ಹೋದ್ಲು. ದೀಪದಾಗೆ ಎಣ್ಣೆ ಅರ್ಧ ಆತು. ಅಷ್ಟೊತ್ತಿಗೆ ಮುಂದ್ಲಿಂದ ಕುರಿ ಕೊರಳಿನ ಗಂಟೆ ಸದ್ದು ಕೇಳಿಸ್ತು. ಹಿಂದಕ್ಕೆ ತಿರುಗಿದ್ರೆ ಬೆಳಕೈತೆ, ಕುರಿ ಇಲ್ಲ. ಮುಂದಕ್ಕೆ ಹೋದ್ರೆ ಕುರಿ ಐತೆ, ವಾಪಸ್ ಬರಾಕೆ ಬೆಳಕಿಲ್ಲ. ಹುಡುಗಿ ಏನು ಮಾಡಿದ್ಲು?"

ಓಬಣ್ಣ ಗಂಟೆಯನ್ನು ಒಂದೇ ಒಂದು ಸಲ ಹೊಡೆದ.

"ನಂಗೂ ಗೊತ್ತಿಲ್ಲ. ಪುಸ್ತಕದಾಗೈತೆ. ನಾಳೆ ಸಾಲಿ ಹತ್ರ ಬರ್ರಿ."

*

ಗಂಟೆಯ ಸದ್ದು ಕೇಳಿ ಊರು ಬಾಗಿಲಿಗೆ ಬಂತು. ಓಬಣ್ಣ ತೀರಿಕೊಂಡ ಸುದ್ದಿ ಬೆಳಿಗ್ಗೆಯೇ ಬಾಯಿಂದ ಬಾಯಿಗೆ ಹರಿದಿತ್ತು. ಹಾಗಿರುವಾಗ ಅವನ ಗಂಟೆ ಬೀದಿಯಲ್ಲಿ ಬರುತ್ತಿರುವುದು ಹೇಗೆ? ಹಿಟ್ಟಿನ ಕೈಯಲ್ಲೇ ಹೊರಗೆ ಬಂದ ಹೆಂಗಸೊಬ್ಬಳು ಬಾಗಿಲ ಚೌಕಟ್ಟು ಹಿಡಿದು ನಿಂತುಬಿಟ್ಟಳು.

ಮೊದಲ ಬೀದಿಯಲ್ಲಿ ಹನುಮಂತಮ್ಮ ಬರೀ ಗಂಟೆ ಹೊಡೆದಳು. ಎರಡನೆಯ ಬೀದಿಯ ತಿರುವಿನಲ್ಲಿ, ಅಪ್ಪ ಯಾವಾಗಲೂ ನಿಲ್ಲುತ್ತಿದ್ದ ಹುಣಸೆಮರದ ಕೆಳಗೆ, ಮಾತು ಬಂತು.

"ಕೇಳ್ರಪ್ಪೋ ಕೇಳ್ರಿ. ಸಾಲಿ ಸುದ್ದಿ ಹೇಳ್ತಿದ್ದ ಓಬಣ್ಣ ಹೋದ. ಕುರಿ ಹಿಂದೆ ಗವಿಗೆ ಹೋದ ಹುಡುಗಿ ಏನಾದ್ಲು ಅಂತ ಅವನಿಗೆ ಗೊತ್ತಾಗಲಿಲ್ಲ. ಹೊತ್ತು ಮುಳುಗೋದ್ರೊಳಗೆ ಹಳ್ಳದ ದಂಡೆಯಾಗೆ, ಅವನ ಗುಣಿ ಹತ್ರ, ಆ ಕತೆ ಓದ್ತೀವಿ."

ಪುಸ್ತಕ ಇನ್ನೂ ಕೈಗೆ ಬಂದಿರಲಿಲ್ಲ. ಆದರೂ ಸಾರಿಬಿಟ್ಟಿದ್ದಳು. ಇನ್ನು ಹಿಂದಿರುಗುವಂತಿರಲಿಲ್ಲ.

ಮರುಳಪ್ಪ ಕಟ್ಟೆಯ ಮೇಲೆ ಅಡಿಕೆ ಕತ್ತರಿಸುತ್ತ ಕೂತಿದ್ದ. ಐವತ್ತು ದಾಟಿದ್ದ, ಮಕ್ಕಳಿಲ್ಲದ ಮನೆ. ಅವಳು ಕಟ್ಟೆಯಿಂದ ನಾಲ್ಕು ಮಾರು ದೂರದಲ್ಲಿ ನಿಂತಳು.

"ನೀನು ಸಾರಿದ್ದು ಕೇಳ್ತು," ಎಂದ ಅವನು. ಸಿಟ್ಟಿರಲಿಲ್ಲ, ಮುಜುಗರವಿತ್ತು. "ಓಬಣ್ಣ ಒಳ್ಳೇವನು, ಇಲ್ಲ ಅನ್ನಲ್ಲ. ಆದ್ರೆ ಅದು ಪುಸ್ತಕ ಅಲ್ಲ ಕಣವ್ವ. ಒಂಬತ್ತು ವರ್ಷದಿಂದ ದಿನಾ ವಿಭೂತಿ ಬಿದ್ದೈತೆ, ಎಣ್ಣೆ ಬಿದ್ದೈತೆ. ಅದೀಗ ದೇವರು. ನಾನೇ ಇಳ್ಸಿಲ್ಲ. ಸೂತಕದ ಮನೆಗೆ ಹೆಂಗೆ ಕೊಡಾಕೆ ಬರ್ತೈತೆ ಹೇಳು."

ಅದು ಹಾಗಾದದ್ದು ಅವನ ತಾಯಿ ದ್ಯಾಮಮ್ಮನಿಂದ. ಮೇಳದ ದಿನ ಇನ್ನೂ ಬಿಸಿಲೇರುವ ಮೊದಲೇ ಬಂದು ನಿಂತಿದ್ದವಳು ಅವಳೇ. "ಆ ಹುಡುಗಿ ಇರೋ ಪುಸ್ತಕ ಕೊಡ್ರಿ," ಎಂದು ಕೇಳಿ, ಸೆರಗಿನಲ್ಲಿ ಸುತ್ತಿಕೊಂಡು ಹೋದಳು. ಆ ಪುಸ್ತಕ ಇದ್ದದ್ದು ಒಂದೇ. ಮಿಕ್ಕ ಪುಸ್ತಕಗಳು ಮಕ್ಕಳಿರುವ ಮನೆ ಸೇರಿ, ಗಟ್ಟಿಯಾಗಿ ಓದಿಸಿಕೊಂಡು, ಅವುಗಳ ಕೊನೆಗಳೆಲ್ಲ ಗೋಡೆಯಾಚೆಯಿಂದ ಓಬಣ್ಣನ ಕಿವಿಗೂ ಬಿದ್ದವು. ದ್ಯಾಮಮ್ಮನ ಮನೆಯಲ್ಲಿ ಓದುವವರಿರಲಿಲ್ಲ. ಅಕ್ಷರವೆಂದರೆ ಸರಸ್ವತಿ, ನೆಲಕ್ಕೆ ಇಡಬಾರದು ಎಂದು ಅವಳು ಆ ಸಂಜೆ ಅದನ್ನು ದೇವರ ಗೂಡಿನಲ್ಲಿ ಇಟ್ಟಳು. ಬೆಳಿಗ್ಗೆ ದೇವರಿಗೆ ವಿಭೂತಿ ಹಚ್ಚುವಾಗ ಪಕ್ಕದಲ್ಲಿದ್ದ ಅದಕ್ಕೂ ಹಚ್ಚಿದಳು. ಅಷ್ಟೇ. ಯಾರಾದರೂ ಓದುವವರು ಬರುವ ಹೊತ್ತಿಗೆ ಅದು ಮುಟ್ಟಬಾರದ್ದಾಗಿತ್ತು.

ಆಮೇಲಿನ ಒಂಬತ್ತು ವರ್ಷ, ಶಾಲೆ ಸುದ್ದಿ ಸಾರುತ್ತ ಈ ಕಟ್ಟೆಯ ಮುಂದೆ ಬಂದಾಗಲೆಲ್ಲ ಓಬಣ್ಣ ಗಂಟೆ ನಿಲ್ಲಿಸಿ ಕೇಳುತ್ತಿದ್ದ:

"ಅವ್ವಾರೆ, ಹುಡುಗಿ ಹೊರಾಕೆ ಬಂದ್ಲಾ?"

"ಇಲ್ಲ ಕಣೋ ಓಬ, ಇನ್ನೂ ಒಳಗೇ ಅದಾಳೆ."

"ಎಣ್ಣೆ ಆಗೋಗಿರ್ತೈತಲ್ರವ್ವ."

"ದಿನಾ ಹಾಕ್ತಿದೀನಿ ಬಿಡೋ."

ಇಬ್ಬರೂ ನಗುತ್ತಿದ್ದರು. ಅವನು ಮುಂದಿನ ಬೀದಿಗೆ ಹೋಗುತ್ತಿದ್ದ. ಬೀದಿಗೆ ಅದೊಂದು ನಗೆಮಾತು. ಇಬ್ಬರಿಗೂ ನಿಜವಾಗಿ ತಿಳಿಯಬೇಕಿತ್ತು ಎಂಬುದು ಬೇರೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಒಳಗಿನಿಂದ ಕೋಲಿನ ಸದ್ದು ಬಂತು. ದ್ಯಾಮಮ್ಮ ಬಾಗಿಲಿಗೆ ಬಂದಳು. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಸದ್ದು ಬಂದ ಕಡೆಗೆ ಮುಖ ತಿರುಗಿಸಿದಳು.

"ಓಬನ ಮಗಳಾ?"

"ಹೂಂ ಅಜ್ಜಿ."

"ಹೋಗೋ ಮುಂಚೆ ಕೇಳಿದ್ನಾ?"

"ಕೇಳ್ದ. ರಾತ್ರಿ."

ಮುದುಕಿ ಗೋಡೆ ಸವರುತ್ತ ಒಳಗೆ ಹೋದಳು. ಮರುಳಪ್ಪ ಅಡಕತ್ತರಿ ಬಿಟ್ಟು ಎದ್ದ. "ಯವ್ವಾ, ಮೈಲಿಗೆ ಆಗ್ತೈತೆ. ಗೂಡಿನಾಗಿಂದು ಇಳ್ಸಬ್ಯಾಡ."

"ಒಂಬತ್ತು ವರ್ಷ ಒಂದು ಕೂಸನ್ನ ಕತ್ತಲಾಗೆ ಕೂರ್ಸೀನಿ ಮರುಳ," ಎಂದಿತು ಒಳಗಿನ ದನಿ. "ಅದಕ್ಕಿಂತ ಮೈಲಿಗೆ ಇನ್ನೇನೈತೋ."

ಹೊರಗೆ ಬಂದಾಗ ಅವಳ ಎದೆಯ ಹತ್ತಿರ ಕರಿ ಬಿಲ್ಲೆಯಂಥದ್ದೊಂದು ಇತ್ತು. ಎಣ್ಣೆ, ವಿಭೂತಿ, ಕುಂಕುಮ ಕೂಡಿ ಗಟ್ಟಿಯಾಗಿ, ಅದು ಪುಸ್ತಕವೆಂದು ಗೊತ್ತಿದ್ದವರಿಗಷ್ಟೇ ಗೊತ್ತಾಗುವಂತಿತ್ತು. ಹನುಮಂತಮ್ಮ ಕೈ ಚಾಚಲಿಲ್ಲ. ದ್ಯಾಮಮ್ಮನೂ ಕೊಡಲಿಲ್ಲ.

"ನಾನೇ ತರ್ತೀನಿ. ನಂಗೂ ಕೇಳ್ಬೇಕು. ಮುಂದೆ ನಡಿ, ಗಂಟೆ ಹೊಡೀತಾ ಹೋಗು. ಸದ್ದು ಹಿಡ್ಕಂಡು ಬರ್ತೀನಿ."

*

ಹಳ್ಳದ ದಂಡೆಯಲ್ಲಿ ಓಬಣ್ಣನನ್ನು ಗುಣಿಗೆ ಇಳಿಸಿ, ಮಣ್ಣು ಎಳೆಯದೆ, ಕೇರಿಯವರು ಕಾಯುತ್ತ ನಿಂತಿದ್ದರು. ಸೂರ್ಯ ಗುಡ್ಡದ ಮೇಲೆ ಒಂದು ಮೊಳ ಉಳಿದಿದ್ದ. ಅಂಜಮ್ಮ ಗುಣಿಯ ಅಂಚಿನಲ್ಲಿ ಕೂತಿದ್ದಳು.

ಮೊದಲು ಗಂಟೆ ಕೇಳಿಸಿತು. ಆಮೇಲೆ ಹನುಮಂತಮ್ಮ ಕಂಡಳು, ಅವಳ ಹಿಂದೆ ಕೋಲೂರುತ್ತ ದ್ಯಾಮಮ್ಮ, ಸ್ವಲ್ಪ ದೂರದಲ್ಲಿ ತಲೆ ತಗ್ಗಿಸಿಕೊಂಡು ಮರುಳಪ್ಪ. ಅವರ ಹಿಂದೆ ನೋಡಿದ ಧರ್ಮಪ್ಪ ಕೈಲಿದ್ದ ಸಲಿಕೆಯನ್ನು ಮೆಲ್ಲಗೆ ನೆಲಕ್ಕಿಟ್ಟ.

ಊರು ಬರುತ್ತಿತ್ತು. ಹಿಟ್ಟಿನ ಕೈಯ ಹೆಂಗಸು, ಹದಿನೇಳರ ಮಗ್ಗಿಯ ಕಸ್ತೂರಮ್ಮ ಕಂಕುಳಲ್ಲಿ ಕೂಸಿನೊಡನೆ, ಹೊಟ್ಟೆನೋವಿನ ಪಟೇಲರ ಮೊಮ್ಮಗ ಈಗ ಮೀಸೆ ಬಂದವನು. ಈ ದಂಡೆಯ ಮೇಲೆ ಊರಿನವರ ಹೆಜ್ಜೆ ಎಂದೂ ಬಿದ್ದಿರಲಿಲ್ಲ. ಬಂದವರು ಹಳ್ಳ ದಾಟದೆ ಆಚೆ ದಡದ ಜಾಲಿಗಿಡಗಳ ಬಳಿ ನಿಂತುಕೊಂಡರು. ಅರ್ಧ ಕತೆ ಕೇಳಿ ಒಂಬತ್ತು ವರ್ಷದ ಹಿಂದೆ ಎಲ್ಲಿ ನಿಂತಿದ್ದರೋ ಅಲ್ಲಿಂದಲೇ ನಡೆದು ಬಂದವರ ಹಾಗಿದ್ದರು.

ದ್ಯಾಮಮ್ಮ ಪುಸ್ತಕವನ್ನು ಹನುಮಂತಮ್ಮನ ಕೈಗೆ ಇಟ್ಟಳು. ಬೆರಳಿಗೆ ಬೆರಳು ತಾಗಿತು.

ಹಾಳೆಗಳು ಒಂದಕ್ಕೊಂದು ಅಂಟಿದ್ದವು. ಹನುಮಂತಮ್ಮ ಮಂಡಿಯೂರಿ, ಒಂದು ಹುಲ್ಲುಕಡ್ಡಿ ತೂರಿಸಿ, ಹುಣ್ಣಿನ ಪಟ್ಟಿ ಬಿಡಿಸುವವಳಂತೆ ಒಂದೊಂದೇ ಬಿಡಿಸಿದಳು. ಯಾರೂ ಅವಸರ ಮಾಡಲಿಲ್ಲ. ಕತೆಯ ಕೊನೆಯ ಹಾಳೆ ಬಿಟ್ಟುಕೊಂಡಿತು. ಎಣ್ಣೆ ಕುಡಿದು ಕುಡಿದು ಕಾಗದ ಗಾಜಿನಂತಾಗಿತ್ತು. ಈ ಮಗ್ಗುಲ ಅಕ್ಷರದ ಮೇಲೆ ಆ ಮಗ್ಗುಲ ಅಕ್ಷರ ಕೂತು ಏನೂ ತಿಳಿಯದಾಯಿತು. ಅವಳು ಹಾಳೆಯನ್ನು ಎತ್ತಿ ಮುಳುಗುವ ಸೂರ್ಯನಿಗೆ ಹಿಡಿದಳು. ಹಾಳೆ ಹೊತ್ತಿಕೊಂಡ ಹಾಗೆ ಕೆಂಪಾಯಿತು. ಅದರೊಳಗೆ ಸಾಲುಗಳು ಒಂದೊಂದಾಗಿ ಬೇರೆಯಾಗಿ ನಿಂತವು. ನೋಡುತ್ತಿದ್ದ ಭೀಮಕ್ಕನಿಗೆ ತಾನು ಕೈ ಮುಗಿದದ್ದೇ ಗೊತ್ತಾಗಲಿಲ್ಲ.

ಹನುಮಂತಮ್ಮ ಓದಿದಳು.

"ಹುಡುಗಿ ದೀಪವನ್ನು ನೋಡಲಿಲ್ಲ. ಗಂಟೆಯ ಸದ್ದನ್ನು ಕೇಳಿದಳು. ಮುಂದೆ ನಡೆದಳು..."

"ಕೇಳಿಸ್ತಿಲ್ಲ ಕಣವ್ವ," ಎಂದಿತು ಜಾಲಿಗಿಡದ ಕಡೆಯಿಂದ ಒಂದು ದನಿ. "ಜೋರಾಗಿ ಓದು."

ಧರ್ಮಪ್ಪ ತಿರುಗಿದ. "ಅವಳು ಓದ್ತಾ ಇದಾಳೆ, ಸಾರ್ತಾ ಇಲ್ಲ. ಕೇಳ್ಬೇಕಂದ್ರೆ ಹತ್ರ ಬರ್ರಿ."

ಮೊದಲು ಕಸ್ತೂರಮ್ಮ ಕೂಸನ್ನು ಇನ್ನೊಂದು ಕಂಕುಳಿಗೆ ಬದಲಿಸಿಕೊಂಡು ಹಳ್ಳಕ್ಕೆ ಇಳಿದಳು. ಅವಳ ಹಿಂದೆ ಒಬ್ಬರು, ಇನ್ನೊಬ್ಬರು. ಮರಳಿನ ಮೇಲೆ ಹೆಜ್ಜೆಗಳ ಸದ್ದು ಬಹಳ ಹೊತ್ತು ಕೇಳಿಸಿತು. ಅದು ನಿಂತಾಗ ಗುಣಿಯ ಸುತ್ತ ಕೇರಿ ಯಾವುದು, ಊರು ಯಾವುದು ಎಂದು ಗುರುತು ಹಿಡಿಯುವಂತಿರಲಿಲ್ಲ.

"...ಎಣ್ಣೆ ತೀರಿತು. ದೀಪ ಆರಿತು. ಕತ್ತಲಲ್ಲಿ ಅವಳ ಕೈಗೆ ಬೆಚ್ಚನೆಯ ಉಣ್ಣೆ ತಾಗಿತು. ಕುರಿ ಆಗತಾನೆ ಮರಿ ಹಾಕಿತ್ತು. ಹುಡುಗಿ ಮರಿಯನ್ನು ಮಡಿಲಿಗೆ ಹಾಕಿಕೊಂಡಳು. ಕುರಿಯ ಉಣ್ಣೆಯನ್ನು ಮುಷ್ಟಿಯಲ್ಲಿ ಹಿಡಿದಳು. ಕುರಿ ಹಿಂದಕ್ಕೆ ತಿರುಗಲಿಲ್ಲ. ಅದಕ್ಕೆ ದಾರಿ ಗೊತ್ತಿತ್ತು. ಅದು ಮುಂದೆ ನಡೆಯಿತು, ಅವಳು ಹಿಂದೆ ನಡೆದಳು. ಎಷ್ಟು ಹೊತ್ತೋ ಅವಳಿಗೆ ತಿಳಿಯಲಿಲ್ಲ. ಗಾಳಿ ಮುಖಕ್ಕೆ ತಾಗಿತು. ಅವರು ಗುಡ್ಡದ ಆಚೆ ಮಗ್ಗುಲಿಗೆ ಬಂದಿದ್ದರು. ಅಲ್ಲಿ ಬೆಳಗಾಗಿತ್ತು."

ಅವಳು ಹಾಳೆಯನ್ನು ಕೆಳಗಿಳಿಸಿದಳು. ಮುಂದೆ ಇನ್ನೇನೂ ಇರಲಿಲ್ಲ. ಕತೆ ಅಷ್ಟೇ.

ದ್ಯಾಮಮ್ಮ ಕೋಲಿನಿಂದ ನೆಲ ಮುಟ್ಟಿ ನೋಡುತ್ತ ಗುಣಿಯ ಅಂಚಿಗೆ ಬಂದಳು. ಕಾಣದ ಕಣ್ಣುಗಳಿಂದ ಕೆಳಗೆ ನೋಡಿದಳು.

"ಓಬ, ಹೊರಾಕೆ ಬಂದ್ಲು ಕಣೋ," ಎಂದಳು. "ಮರಿ ಸಮೇತ."

ಅಂಜಮ್ಮ ಆಗ ಅತ್ತಳು. ಬೆಳಗಿನಿಂದ ಬಾರದಿದ್ದದ್ದು ಈಗ ಬಂತು. ಅಳುತ್ತಲೇ ಮೊದಲ ಹಿಡಿ ಮಣ್ಣು ಹಾಕಿದಳು. ಎರಡನೆಯ ಹಿಡಿಯನ್ನು ದ್ಯಾಮಮ್ಮ ಹಾಕಿದಳು. ಆಮೇಲೆ ಯಾರು ಯಾರು ಹಾಕಿದರೋ, ಧರ್ಮಪ್ಪನಿಗೆ ಸಲಿಕೆ ಎತ್ತುವ ಕೆಲಸ ಅಷ್ಟಾಗಿ ಉಳಿಯಲಿಲ್ಲ.

ತಿರುಗಿ ಹೊರಟಾಗ ಕತ್ತಲು ಕವಿಯುತ್ತಿತ್ತು. ಮಣ್ಣು ಕೊಟ್ಟು ಹೋಗುವವರು ಹಿಂದಕ್ಕೆ ನೋಡಬಾರದು ಎಂದು ಎಲ್ಲರೂ ಮುಂದೆ ನೋಡುತ್ತ ನಡೆದರು. ಹಳ್ಳದ ಏರಿನಲ್ಲಿ ದ್ಯಾಮಮ್ಮನ ಕೋಲು ಕಲ್ಲಿಗೆ ಸಿಕ್ಕಿ ಜಾರಿತು.

"ಮುಂದೆ ಇರೋದು ಯಾರು?"

"ನಾನು ಅವ್ವಾರೆ, ಅಂಜಿ."

"ನಿಂಗೆ ದಾರಿ ಕಾಣ್ತೈತಾ?"

"ದಿನಾ ಓಡಾಡೋ ದಾರಿ."

"ಹಂಗಾದ್ರೆ ನಿಲ್ಲು."

ಹಿಂದೆ ಬರುತ್ತಿದ್ದ ಮರುಳಪ್ಪ ತಾಯಿಗೆ ದಾರಿ ಕಾಣಲೆಂದು ಬ್ಯಾಟರಿ ಬಿಟ್ಟ. ಬೆಳಕು ಅಂಜಮ್ಮನ ಬೆನ್ನ ಮೇಲೆ ಬಿತ್ತು. ಅವಳ ಸೆರಗಿನ ತುದಿ ದ್ಯಾಮಮ್ಮನ ಮುಷ್ಟಿಯಲ್ಲಿತ್ತು. ಅವನು ಅದನ್ನೇ ನೋಡುತ್ತ ನಿಂತ. ಆಮೇಲೆ ಬ್ಯಾಟರಿ ಆರಿಸಿದ.

ಅಂಜಮ್ಮ ಮುಂದೆ ನಡೆದಳು, ದ್ಯಾಮಮ್ಮ ಹಿಂದೆ ನಡೆದಳು. ಏರಿನ ಮೇಲೆ ಎಲ್ಲೋ, ಹನುಮಂತಮ್ಮನ ಕೈಯಲ್ಲಿದ್ದ ಗಂಟೆ ಅವಳ ನಡಿಗೆಗೆ ತಾಗಿ ತಾಗಿ ಸಣ್ಣಗೆ ಸದ್ದು ಮಾಡುತ್ತಿತ್ತು.